ನನ್ನ ಎಡಗೈ ಮತ್ತು ಅರೆಭಾರದ ಪಿಯಾನೋ

‘ನನಗೆ ಗೊತ್ತಿಲ್ಲ’ ಎಂದು ಹೇಳುವ ದನಿಯೊಂದನ್ನು ಬಿಟ್ಟರೆ ಮಿಕ್ಕ ಎಲ್ಲರ ದನಿಯೂ ನನಗೆ ಬರುತ್ತದೆ. ಕೊಳ್ಳೇಗಾಲದ ಬಸ್ ನಿಲ್ದಾಣದಲ್ಲಿ ಮೂಗಿನಿಂದಲೇ ಊರು ಕೂಗುವ ಕಂಡಕ್ಟರು, ಸೀನುವುದಕ್ಕೆ ಮುಂಚೆ ದೇವರನ್ನು ಕರೆಯುವ ನಮ್ಮ ಚಿಕ್ಕಪ್ಪ, ಕೆಮ್ಮಿ ಕೆಮ್ಮಿ ಸ್ಟಾರ್ಟ್ ಆಗುವ ಅವರ ಮೊಪೆಡ್ಡು, ಯಾವುದು ಬೇಕಾದರೂ ನಿಂತಲ್ಲೇ ಮಾಡಿ ತೋರಿಸುತ್ತೇನೆ. ಆ ಒಂದು ದನಿ ಮಾತ್ರ ಗಂಟಲವರೆಗೆ ಬಂದು ವಾಪಸ್ಸು ಹೋಗುತ್ತದೆ. ಹಾಗಾಗಿಯೇ ನಮ್ಮ ಆರ್ಕೆಸ್ಟ್ರಾದ ಯಜಮಾನರಾದ ಪುಟ್ಟಸ್ವಾಮಣ್ಣ, “ನಿಂಗೆ ಪಿಯಾನೋ ಬತ್ತದೇನ್ಲಾ?” ಎಂದು ಕೇಳಿದಾಗ, ಪಿಯಾನೋವನ್ನು ಸಿನಿಮಾದಲ್ಲಿ ಬಿಟ್ಟರೆ ಬೇರೆಲ್ಲೂ ಕಾಣದ ನಾನು ಭುಜ ಕುಣಿಸಿ, ಕಣ್ಣು ಮುಚ್ಚಿ, ಕೂದಲನ್ನು ಹಿಂದಕ್ಕೆ ಎಸೆದು, ಗಾಳಿಯಲ್ಲಿ ಬೆರಳಾಡಿಸಿ ತೋರಿಸಿದೆ. ಅದು ಉತ್ತರವಲ್ಲ, ಮಿಮಿಕ್ರಿ. ಅವರು ಉತ್ತರ ಎಂದುಕೊಂಡರು. ತಿದ್ದಬಹುದಿತ್ತು, ತಿದ್ದಲಿಲ್ಲ. ಮುಂದೆ ಆದದ್ದಕ್ಕೆಲ್ಲ ಈ ಪೆದ್ದುತನವೇ ಮೂಲವೆಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಕೊನೆಗೆ ಒಪ್ಪಿಕೊಂಡರೆ ಇನ್ನೂ ಹೆಚ್ಚು ಮಾನ ಹೋಗುತ್ತದೆ.

ತಂಡದಲ್ಲಿ ನನಗೆ ಎರಡು ಕೆಲಸ. ಹಾಡಿಗೆ ಕೀಬೋರ್ಡು, ಹಾಡು ಹಾಡುಗಳ ನಡುವೆ ಮಿಮಿಕ್ರಿ. ನಮ್ಮ ಹಳೆಯ ಕೀಬೋರ್ಡು ಬಹಳ ನ್ಯಾಯವಂತ ಯಂತ್ರ. ಅದರ ಕೀಯ ಮೇಲೆ ನೊಣ ಕೂತರೂ ಆನೆ ಕೂತರೂ ಒಂದೇ ಸದ್ದು. ಅದರಲ್ಲೇ ನನ್ನ ಬದುಕು ಸುಖವಾಗಿ ಸಾಗುತ್ತಿತ್ತು. ಅಷ್ಟರಲ್ಲಿ ಯಳಂದೂರಿನ ಒಂದು ಮದುವೆಯ ಆರತಕ್ಷತೆಗೆ ನಮ್ಮನ್ನು ಕರೆದರು. ತಾಯಿಯ ಮೇಲಿನ ಒಂದು ನಿಧಾನದ ಸಿನಿಮಾ ಹಾಡು ಆಗಲೇಬೇಕೆಂದು ಮದುಮಗಳ ಆಸೆ. ಆ ಹಾಡಿಗೆ ತಬಲ ಇಲ್ಲ, ಡ್ರಮ್ಮಿಲ್ಲ. ಮೊದಲಿಂದ ಕೊನೆಯವರೆಗೂ ಪಿಯಾನೋ ಒಂದೇ. ಪುಟ್ಟಸ್ವಾಮಣ್ಣ ನನ್ನನ್ನು ಆ ಪ್ರಶ್ನೆ ಕೇಳಿದ್ದು ಆಗಲೇ. ಹಾಡನ್ನು ಹಾಡಲು ಅವರು ಗಿರಿಜಕ್ಕನಿಗೆ ಕೊಟ್ಟರು. ಗಿರಿಜಕ್ಕ ಹನೂರಿನಲ್ಲಿ ರವಿಕೆ ಹೊಲಿಯುವವರು. ಸಂಜೆ ಬಸ್ಸು ಹತ್ತಿ ಕೊಳ್ಳೇಗಾಲಕ್ಕೆ ಅಭ್ಯಾಸಕ್ಕೆ ಬರುತ್ತಿದ್ದರು. ಇಷ್ಟು ವರ್ಷ ಅವರ ಪಾಲಿಗೆ ಬಂದದ್ದು ಬೇರೆಯವರ ಹಾಡಿನ ಹಿಂದೆ ನಿಂತು ‘ಆ ಆ’ ಎನ್ನುವುದು ಮಾತ್ರ. ಜನ ಕೂತು ಕೇಳಿದರೆ ಇನ್ನು ಮುಂದೆ ಪ್ರತಿ ಕಾರ್ಯಕ್ರಮದಲ್ಲೂ ಅವರಿಗೊಂದು ಸ್ವಂತ ಹಾಡು, ಎದ್ದು ಊಟಕ್ಕೆ ಹೋದರೆ ಮತ್ತೆ ‘ಆ ಆ’ನೇ ಗತಿ ಎಂದು ಪುಟ್ಟಸ್ವಾಮಣ್ಣ ಎಲ್ಲರೆದುರೇ ಹೇಳಿದರು. ಗಿರಿಜಕ್ಕ ತಲೆಯಾಡಿಸಿದರು. ಆಮೇಲೆ ನನ್ನ ಕಡೆ ನೋಡಿದರು. ಆ ನೋಟವನ್ನು ಮಾತ್ರ ನಾನು ಇವತ್ತಿನವರೆಗೂ ಮಿಮಿಕ್ರಿ ಮಾಡಿಲ್ಲ.

ಪಿಯಾನೋ ಹಾಡಿಗೆ ಆಟಿಕೆ ಕೀಬೋರ್ಡು ಸಾಲದೆಂದು ಮೈಸೂರಿನಿಂದ ಬಾಡಿಗೆಗೆ ಒಂದು ದೊಡ್ಡ ಕೀಬೋರ್ಡು ಬಂತು. ಅದನ್ನು ‘ಸೆಮಿ ವೆಯ್ಟೆಡ್’ ಎನ್ನುತ್ತಾರಂತೆ. ಎಂದರೆ ಅದರ ಕೀಗಳು ನಿಜವಾದ ಪಿಯಾನೋದಷ್ಟು ಭಾರವೂ ಅಲ್ಲ, ನಮ್ಮ ಹಳೆಯದರಷ್ಟು ಹಗುರವೂ ಅಲ್ಲ, ಅರೆಭಾರ. ಮೆಲ್ಲಗೆ ಒತ್ತಿದರೆ ಪಿಸುಗುಡುತ್ತದೆ, ಜೋರಾಗಿ ಒತ್ತಿದರೆ ಜಗಳಕ್ಕೆ ಬರುತ್ತದೆ. ಪೂರ್ತಿ ಭಾರವಿದ್ದರೆ ಬೆರಳು ಎಚ್ಚರವಾಗಿರುತ್ತದೆ, ಪೂರ್ತಿ ಹಗುರವಿದ್ದರೆ ಯೋಚನೆಯೇ ಬೇಡ. ಇದು ಎರಡರ ನಡುವೆ ನಿಂತು, ಒತ್ತುವವನ ಹೊಟ್ಟೆಯೊಳಗಿನದನ್ನೆಲ್ಲ ಸ್ಪೀಕರಿನಲ್ಲಿ ಹೇಳಿಬಿಡುತ್ತದೆ. ಊರಿನವರ ದನಿಯನ್ನೆಲ್ಲ ಹೊದ್ದುಕೊಂಡು ತಿರುಗುವವನಿಗೆ ಇಂಥ ಚಾಡಿಕೋರ ವಾದ್ಯ ಒಳ್ಳೆಯದಲ್ಲ.

ಅದಕ್ಕಿಂತ ದೊಡ್ಡ ತೊಂದರೆ ನನ್ನ ಎಡಗೈ. ನಾನು ಸಂಗೀತ ಕಲಿತದ್ದು ಹೊನ್ನೂರಿನಲ್ಲಿ, ಪೌರಾಣಿಕ ನಾಟಕ ಕಲಿಸುವ ಹಾರ್ಮೋನಿಯಂ ಮೇಷ್ಟ್ರ ಹತ್ತಿರ. ಹಾರ್ಮೋನಿಯಂನಲ್ಲಿ ಬಲಗೈಗೆ ಸ್ವರದ ಕೆಲಸ, ಎಡಗೈಗೆ ಹಿಂದಿನ ತಿದಿ ಒತ್ತಿ ಗಾಳಿ ಹಾಕುವ ಕೆಲಸ. ಹಳೆಯ ಕೀಬೋರ್ಡು ಕಿರಿದಾಗಿದ್ದರಿಂದ ಎಡಗೈಯನ್ನು ಹೇಗೋ ತೊಡೆಯ ಕೆಳಗೆ ಅವಿತಿಟ್ಟಿದ್ದೆ. ಈ ಹಾಡಿಗೋ, ಪ್ರತಿ ಸಾಲಿನ ಆರಂಭದಲ್ಲಿ ಎಡಗೈಯಿಂದ ಮಂದ್ರದ ಒಂದು ಸ್ವರ ಒತ್ತಿ ಹಿಡಿಯಬೇಕು. ಅಭ್ಯಾಸದ ಮೊದಲ ಸಂಜೆ ಬಲಗೈ ಶುರುಮಾಡಿದ್ದೇ ತಡ, ಎಡಗೈ ತಾನಾಗಿಯೇ ಕೀಬೋರ್ಡಿನ ಹಿಂದಕ್ಕೆ ಹೋಗಿ ಇಲ್ಲದ ತಿದಿಯನ್ನು ಒತ್ತತೊಡಗಿತು. ಡ್ರಮ್ಮಿನ ಬದಲಿಗೆ ಪ್ಯಾಡ್ ಬಾರಿಸುವ ಸಿದ್ದರಾಜು ಅದನ್ನು ನೋಡಿ, “ಲೇ, ಇದು ಕರೆಂಟಿಂದು ಕಣ್ಲಾ. ಇದ್ಕೆ ನೀನು ಗಾಳಿ ಆಕಂಗಿಲ್ಲ” ಎಂದ. ಎಲ್ಲರೂ ನಕ್ಕರು, ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ. ಗಿರಿಜಕ್ಕ ನಗಲಿಲ್ಲ. ಕುರ್ಚಿ ಎಳೆದು ಪಕ್ಕದಲ್ಲಿ ಕೂತು, ಕೊನೆಯ ಬಸ್ಸಿನ ಹೊತ್ತಾಗುವವರೆಗೂ ಹಾಡಿದ್ದನ್ನೇ ಹಾಡಿದರು. ಮುಂದಿನ ಸಂಜೆಗಳೂ ಹಾಗೆಯೇ. ಕಡೆಗೆ ಎಡಗೈ ಮಂದ್ರದ ಕೀಯ ಮೇಲೆ ಕೂರುವುದನ್ನು ಕಲಿಯಿತು. ಹೊಸದಾಗಿ ಶಾಲೆಗೆ ಸೇರಿದ ಮಗು ಬೆಂಚಿನ ಮೇಲೆ ಕೂರುತ್ತದಲ್ಲ, ಹಾಗೆ; ಕಣ್ಣೆಲ್ಲ ಬಾಗಿಲ ಕಡೆಗೇ.

ಆರತಕ್ಷತೆಯ ಸಂಜೆ ಯಳಂದೂರಿನ ಛತ್ರ ತುಂಬಿತ್ತು. ಹೊನ್ನೂರಿನಿಂದಲೂ ನೆಂಟರು ಬಂದಿದ್ದರು. ಗಿರಿಜಕ್ಕ ತಾವೇ ಹೊಲಿದ ಹೊಸ ರವಿಕೆ ತೊಟ್ಟು ವೇದಿಕೆಯ ಅಂಚಿನಲ್ಲಿ ನಿಂತಿದ್ದರು. ನೀರಿನ ಲೋಟ ಹಿಡಿದಿದ್ದರೇ ಹೊರತು ಕುಡಿದದ್ದು ಕಾಣಲಿಲ್ಲ. ಅವರ ಹಾಡಿಗೆ ಮುಂಚೆ ನನ್ನ ಮಿಮಿಕ್ರಿ. ಬುದ್ಧಿಯಿದ್ದವನು ಅವತ್ತು ಚುಟುಕಾಗಿ ಮುಗಿಸುತ್ತಿದ್ದ. ಹೆದರಿಕೆಯಾದಾಗ ನನಗೆ ಇನ್ನೂ ಜಾಸ್ತಿ ದನಿಗಳು ಬರುತ್ತವೆ. ಕಂಡಕ್ಟರಾಯಿತು, ಮೊಪೆಡ್ಡಾಯಿತು, ಅಲ್ಲೇ ನಿಂತಿದ್ದ ಪುರೋಹಿತರೂ ಆದರು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ನಗು ನಿಲ್ಲುವ ಮೊದಲೇ ನಾನು ಹೋಗಿ ಕೀಬೋರ್ಡಿನ ಮುಂದೆ ಕೂತೆ.

ಅಲ್ಲಿಗೆ ಕೆಟ್ಟಿತು. ನಾನು ಗಂಭೀರವಾಗಿ ಮುಖ ಮಾಡಿದೆ, ಜನ ನಕ್ಕರು. ಇನ್ನೊಂದು ಮಿಮಿಕ್ರಿ ಶುರುವಾಯಿತೆಂದೇ ಅವರ ಲೆಕ್ಕ. ಗಾಬರಿಯಲ್ಲಿ ಮೊದಲ ಸ್ವರ ಒತ್ತಿದೆ. ಮೆಲ್ಲಗೆ ಬರಬೇಕಾದದ್ದು ಸಿಡಿಲಿನಂತೆ ಬಂತು. ಮುಂದಿನ ಸಾಲಿನ ಮಕ್ಕಳು ಚಪ್ಪಾಳೆ ತಟ್ಟಿದರು. ನನ್ನ ಎಡಗೈ ಬೆಂಚು ಬಿಟ್ಟೆದ್ದು ಹಿಂದಕ್ಕೆ ಹೋಗಿ ಗಾಳಿ ಹಾಕತೊಡಗಿತು. ಹೊನ್ನೂರಿನವರ ಸಾಲಿನಿಂದ ಒಬ್ಬರು ಇದ್ಯಾರದ್ದು ಮಿಮಿಕ್ರಿ ಎಂದು ಕೇಳಿದ್ದು ವೇದಿಕೆಗೇ ಕೇಳಿಸಿತು. “ಗೊತ್ತಾಗ್ನಿಲ್ವಾ? ನಮ್ಮ ಆರ್ಮೋನಿ ಮೇಷ್ಟ್ರುದು” ಎಂದು ಪಕ್ಕದವರು ಹೇಳಿದರು. ಇಡೀ ಸಾಲು ಕುರ್ಚಿಯಿಂದ ಬೀಳುವಂತೆ ನಕ್ಕಿತು. ನನ್ನ ಬದುಕಿನಲ್ಲೇ ಅಷ್ಟು ಚೆನ್ನಾಗಿ ಮೂಡಿಬಂದ ಮಿಮಿಕ್ರಿ ಅದು, ನಾನು ಮಾಡದೇ ಇದ್ದದ್ದು.

ಗಿರಿಜಕ್ಕ ಎರಡು ಸಲ ಬಾಯಿ ತೆರೆದು ಮುಚ್ಚಿದರು. ಆ ನಗುವಿನೊಳಗೆ ತಾಯಿಯ ಹಾಡನ್ನು ಎಲ್ಲಿಂದ ಶುರುಮಾಡುವುದು? ವೇದಿಕೆಯ ಪಕ್ಕದಲ್ಲಿ ಪುಟ್ಟಸ್ವಾಮಣ್ಣ ಬೆರಳು ಗಿರ್ರೆಂದು ತಿರುಗಿಸಿದರು. ಇದನ್ನು ಬಿಟ್ಟು ಕುಣಿಯುವ ಹಾಡಿಗೆ ಹೋಗಿ ಎಂದು ಅದರರ್ಥ. ಸಿದ್ದರಾಜು ಕೋಲುಗಳನ್ನು ಎತ್ತಿಕೊಂಡೂ ಆಯಿತು. ಅವನ ಕೋಲು ಬಿದ್ದರೆ ಗಿರಿಜಕ್ಕನ ಹಾಡು ಅಲ್ಲಿಗೆ ಮುಗಿಯಿತು. ನಾನು ನಿಲ್ಲಿಸು ಎನ್ನಲೂ ಇಲ್ಲ, ನುಡಿಸಲೂ ಇಲ್ಲ. ಎಡಗೈ ಮಾತ್ರ ನಿಷ್ಠೆಯಿಂದ ಗಾಳಿ ಹಾಕುತ್ತಲೇ ಇತ್ತು.

ಗಿರಿಜಕ್ಕ ಸ್ಟ್ಯಾಂಡಿನಿಂದ ಮೈಕು ಕಿತ್ತುಕೊಂಡು ನೇರ ನನ್ನ ಹತ್ತಿರ ಬಂದರು. ನನ್ನ ಎಡಗೈಯನ್ನು ಮಣಿಕಟ್ಟಿನಲ್ಲಿ ಹಿಡಿದು ಮೇಲಕ್ಕೆತ್ತಿ, ಮೈಕನ್ನು ಅದರೊಳಗೆ ತುರುಕಿ, ತಮ್ಮ ಬಾಯಿಯ ನೇರಕ್ಕೆ ನಿಲ್ಲಿಸಿದರು. “ಇಡ್ಕೊ. ಅತ್ಲಾಗೆ ಇತ್ಲಾಗೆ ಓಗ್ಕೂಡ್ದು” ಎಂದರು, ಮೈಕಿಗೆ ಅಂಗೈ ಅಡ್ಡ ಇಟ್ಟು, ನನಗೆ ಮಾತ್ರ ಕೇಳುವಂತೆ. ಹಾಡನ್ನು ಪಿಯಾನೋಗೆ ಕಾಯದೆ ತಾವೇ ಎತ್ತಿಕೊಂಡರು. ಹಾಡಿನ ಮೊದಲ ಸಾಲಿಗೆ ಮಕ್ಕಳು ಸುಮ್ಮನಾದರು. ಎರಡನೆಯದಕ್ಕೆ ಹೊನ್ನೂರಿನವರು. ಕೂತವನು ತೋಳನ್ನು ಅಷ್ಟೆತ್ತರಕ್ಕೆ ಚಾಚಿ ಹಿಡಿಯಬೇಕಾದ್ದರಿಂದ ನನ್ನ ಶಕ್ತಿಯೆಲ್ಲ ಎಡ ಭುಜಕ್ಕೇ ಹೋಯಿತು. ಜೋರಾಗಿ ಒತ್ತಲು ಬಲಗೈಯಲ್ಲಿ ಏನೂ ಉಳಿದಿರಲಿಲ್ಲ. ಅರೆಭಾರದ ಆ ಕೀಗಳು ಆವಾಗಲೇ ಮೊದಲ ಬಾರಿಗೆ ಪಿಸುಗುಟ್ಟಿದವು. ಮಂದ್ರದ ಸ್ವರ ಒಂದೂ ಬರಲಿಲ್ಲ. ಅದಿಲ್ಲವೆಂದು ಯಾರಿಗೂ ಗೊತ್ತಾಗಲಿಲ್ಲ. ಹಾಡು ಮುಗಿದಾಗ ಮದುಮಗಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಊಟಕ್ಕೆ ಯಾರೂ ಎದ್ದಿರಲಿಲ್ಲ. ಮುಂದಿನ ಕಾರ್ಯಕ್ರಮಕ್ಕೆ ಯಾವ ಹಾಡು ಬೇಕೆಂದು ಪುಟ್ಟಸ್ವಾಮಣ್ಣ ವೇದಿಕೆಯ ಮೇಲೆಯೇ ಗಿರಿಜಕ್ಕನನ್ನು ಕೇಳಿದರು.

ಕಾರ್ಯಕ್ರಮ ಮುಗಿದು ನಾವು ಊಟಕ್ಕೆ ಕೂತಾಗ ನನ್ನ ಹಳೆಯ ಚಾಳಿ ಮತ್ತೆ ತಲೆಯೆತ್ತಿತ್ತು. ನೋವಿನಿಂದ ಎಡಗೈ ನೀರಿನ ಲೋಟದ ಕಡೆಗೂ ಏಳುತ್ತಿರಲಿಲ್ಲ, ನಾಲಿಗೆಗೆ ಏನೂ ಆಗಿರಲಿಲ್ಲವಲ್ಲ. ಪಿಯಾನೋದಲ್ಲಿ ಮೆಲ್ಲಗೆ ನುಡಿಸುವುದೇ ಕಷ್ಟ, ಅದು ಎಲ್ಲರಿಗೂ ಒಲಿಯುವುದಿಲ್ಲ ಎಂದು ಸಿದ್ದರಾಜುವಿಗೆ ಪಾಠ ಮಾಡುತ್ತಿದ್ದೆ. ಅವನು ಕೇಳುತ್ತಿಲ್ಲವೆಂದು ಕಂಡಾಗ ಎದುರಿಗೆ ಕೂತಿದ್ದ ಗಿರಿಜಕ್ಕನ ಕಡೆ ತಿರುಗಿ, ನನ್ನ ಪಿಯಾನೋ ಹೇಗಿತ್ತೆಂದು ಕೇಳಿಯೇಬಿಟ್ಟೆ.

ಗಿರಿಜಕ್ಕ ಅನ್ನ ಕಲಸುತ್ತ, ತಲೆಯೆತ್ತದೆ, “ಮೈಕು ಚೆನ್ನಾಗಿ ಇಡ್ಕಂಡಿದ್ದೆ ಕಣ್ಲಾ” ಎಂದರು.