ಮಾವನ ಓಕ್ ಬೀರು

ನಮ್ಮ ಸೋದರಮಾವನಿಗೆ ಹುಚ್ಚು ಹಿಡಿದಿಲ್ಲ. ಹಾಗೆಂದು ಅವರೇ ಹೇಳುತ್ತಾರೆ, ನಂಬದೆ ವಿಧಿಯಿಲ್ಲ! ತಿ.ನರಸೀಪುರದಲ್ಲಿ ಗೊಬ್ಬರದ ಅಂಗಡಿ ಇಟ್ಟಿರುವ ಈ ಮಹಾನುಭಾವರು, ಮೈಸೂರಿನಲ್ಲಿ ಯಾವುದೋ ಹಳೆಯ ಬಂಗಲೆ ಕೆಡವುತ್ತಿದ್ದಾಗ ಹೋಗಿ, ಆಳೆತ್ತರ ಮೀರಿದ, ಚೂಪು ಕಮಾನಿನ ಗಾಥಿಕ್ ಬೀರುವೊಂದನ್ನು ಟೆಂಪೋದಲ್ಲಿ ಹೇರಿಕೊಂಡು ಬಂದರು. ಪೂರ್ತಿ ಓಕ್ ಮರ, ಒಂದೊಂದು ಬಾಗಿಲಿಗೂ ಒಂದೊಂದು ಕೆತ್ತನೆ. ಮನೆಯ ಬಾಗಿಲಲ್ಲಿ ಅದು ಹಿಡಿಯಲಿಲ್ಲ. ಮೇಲಿನ ಕಮಾನು ಕೊಯ್ದರೆ ಆಯಿತು ಎಂದರು ಹಮಾಲಿಗಳು. ಮಾವ ಮನೆಯ ಬಾಗಿಲನ್ನೇ ಚೌಕಟ್ಟು ಸಮೇತ ಕೀಳಿಸಿದರು.

ಅಂದಿನಿಂದ ಗೊಬ್ಬರ ಕೊಂಡವರಿಗೆಲ್ಲ ಚರಿತ್ರೆ ಉಚಿತ. ಅಂಗಡಿಯ ಹಿಂದೆಯೇ ಮನೆ, ತಪ್ಪಿಸಿಕೊಳ್ಳುವುದೆಲ್ಲಿಗೆ? ಈ ಚೂಪು ಕಮಾನು ಮಧ್ಯಯುಗದ ಚರ್ಚುಗಳದ್ದಂತೆ. ಪಾದ್ರಿಗಳ ನಿಲುವಂಗಿ, ಬೆಳ್ಳಿ ಬಟ್ಟಲು ಇಡುವ ಬೀರುಗಳನ್ನು ಆಗ ಹೀಗೆ ಮಾಡುತ್ತಿದ್ದರಂತೆ. ನೂರಾರು ವರ್ಷ ಕಳೆದ ಮೇಲೆ ಇಂಗ್ಲೆಂಡಿನವರಿಗೆ ಹಳೆಯದರ ಮೇಲೆ ಆಸೆ ಹುಟ್ಟಿ, ಅದೇ ಮಾದರಿಯಲ್ಲಿ ಮತ್ತೆ ಕೆತ್ತಿಸಿಕೊಂಡರಂತೆ. ಅಂದರೆ ಇದು ನಕಲೇ? ಹೌದು, ಆದರೆ ನಕಲಿಗೂ ವಯಸ್ಸಾಗಿದೆಯಲ್ಲ ಎಂಬುದು ಮಾವನ ಹೆಮ್ಮೆ! ತಲಕಾಡು ಕಡೆಯ ರೈತರೊಬ್ಬರು ಇಷ್ಟನ್ನೂ ಕೈಕಟ್ಟಿ ಕೇಳಿ, ಕೊನೆಗೆ "ಸಾ, ಯೂರಿಯಾ ಬಂದದಾ?" ಎಂದರು.

ಅತ್ತೆಯದು ಒಂದೇ ಬೇಡಿಕೆ: ಇಷ್ಟು ದೊಡ್ಡ ಬೀರುವಿನಲ್ಲಿ ತಮ್ಮ ಅಡುಗೆಮನೆಯ ಡಬ್ಬಗಳಿಗೊಂದು ಜಾಗ. ಉಹೂಂ! ಕೈ ತಾಗಿದರೆ ಕೆತ್ತನೆ ಕೆಡುತ್ತದೆಂದು ಮಾವ ಬೀರುವನ್ನು ಖಾಲಿಯೇ ನಿಲ್ಲಿಸಿದ್ದರು. ಆಯುಧಪೂಜೆಯ ದಿನ ಅತ್ತೆ ವಿಭೂತಿ ಬಳಿಯಲು ಹೋದಾಗಲೂ ಅಡ್ಡ ನಿಂತರು. ವಿಭೂತಿ ಪಕ್ಕದ ಗೋಡೆಯ ಪಾಲಾಯಿತು.

ಈ ನಡುವೆ ಸಕ್ಕರೆ ಕಾಯಿಲೆಯಿಂದ ಅತ್ತೆಯ ಕಣ್ಣು ಮಂಜಾಗುತ್ತ ಬಂತು. ಉಪ್ಪಿನ ಡಬ್ಬ ಯಾವುದು, ಸಕ್ಕರೆಯದು ಯಾವುದು ಎಂದು ತಿಳಿಯದೆ ಎರಡು ಮೂರು ಸಲ ಅಡುಗೆ ಕೆಟ್ಟಿತು. ಆಮೇಲೆ ಅವರು ಒಲೆಯ ಹತ್ತಿರ ಹೋಗುವುದನ್ನೇ ಬಿಟ್ಟರು. ಊಟ ಹೋಟೆಲಿನಿಂದ ಬರತೊಡಗಿತು. ಮನೆಯಿಡೀ ತುಂಬಿರುತ್ತಿದ್ದ ಅತ್ತೆಯ ಮಾತೂ ನಿಂತುಹೋಗಿದ್ದು ಕಂಡು ನನಗೆ ತುಂಬ ಸಂಕಟವಾಗುತ್ತಿತ್ತು.

ಹೋದ ತಿಂಗಳು ನಂಜನಗೂಡಿನಿಂದ ಅವರನ್ನು ನೋಡಲು ಹೋದೆ. ಹಜಾರದಲ್ಲಿ ಬೀರು ಕಾಣಲಿಲ್ಲ. ಒಳಗೆ ಹೋದರೆ, ಅದು ಅಡುಗೆಮನೆಯಲ್ಲಿ ನಿಂತಿತ್ತು! ಆ ಬಾಗಿಲೂ ಕಿತ್ತುಹೋಗಿತ್ತು ಎಂದು ಬೇರೆ ಹೇಳಬೇಕಾಗಿಲ್ಲ. ಮಾವ ಅತ್ತೆಯ ಬೆರಳು ಹಿಡಿದು ಕೆತ್ತನೆಯ ಮೇಲೆ ಆಡಿಸುತ್ತಿದ್ದರು.

"ದ್ರಾಕ್ಷಿ ಗೊಂಚ್ಲು ಸಿಕ್ತಾ? ಅಲ್ಲಿ ಕಾಫಿಪುಡಿ. ಸಿಂಹದ ಮೊಕ ಸಿಕ್ರೆ ಉಪ್ಪು. ಎಲೆ ಸಿಕ್ರೆ ಸಕ್ರೆ. ನಿಧಾನುಕ್ ನೋಡು ಕಣೆ."

ಅತ್ತೆ ಕೈ ಬಿಡಿಸಿಕೊಂಡು ತಾವೇ ತಡವಿದರು. ಸಿಂಹದ ಮೂಗು, ಬಾಯಿ, ಕೇಸರ ಎಲ್ಲವನ್ನೂ ಸವರಿ, ಬಾಗಿಲು ತೆಗೆದು, ಡಬ್ಬದಿಂದ ಒಂದು ಚಿಟಿಕೆ ನಾಲಿಗೆಗೆ ಹಾಕಿಕೊಂಡರು. ಉಪ್ಪೇ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, "ಮದ್ಯಾನುಕ್ ಏನ್ ಮಾಡ್ಲಿ?" ಎಂದು ಕೇಳಿದರು.

ಮಾವ ಬೀರುವಿನ ಬಾಗಿಲು ಮುಚ್ಚುವ ನೆಪದಲ್ಲಿ ಆ ಕಡೆ ತಿರುಗಿದರು. ನಾನೇ ಉಪ್ಸಾರು ಎಂದೆ.