ಏಳೂವರೆ ಕೋಲು ನೀರು

ವೇಣೂರಿನ ಹುಕ್ರಪ್ಪನ ಆ ದಿನದ ಫಜೀತಿಗೆಲ್ಲ ಕಾರಣ ಬೆಳಗಿನ ಪತ್ರಿಕೆಯ ಎರಡು ಸಾಲು: ಆರು ವರ್ಷದ ಹಿಂದಿನ ಕಂಬಳ ಸಂಜೆ ನಾಲ್ಕಕ್ಕೆ ಟಿ.ವಿ.ಯಲ್ಲಿ ಮರುಪ್ರಸಾರವಾಗಲಿತ್ತು.

ಅಂದು ಕೆಸರುಗದ್ದೆಯಲ್ಲಿ ಕೋಣಗಳು ಎಳೆದೋಡುವ ಹಲಗೆಯ ಮೇಲೆ ನಿಂತು, ಏಳೂವರೆ ಕೋಲು ಎತ್ತರದಲ್ಲಿ ಅಡ್ಡ ಕಟ್ಟಿದ ಗುರಿಬಟ್ಟೆಗೆ ನೀರು ಚಿಮ್ಮಿಸಿ ಗೆದ್ದವನು ಹುಕ್ರಪ್ಪ. ಮರುವರ್ಷವೇ ಮೊಣಕಾಲು ಕೈಕೊಟ್ಟಿತು. ಗೂಡಂಗಡಿಯಲ್ಲಿ ಕುಂಟುತ್ತ ಚಹಾ ಸೋಸುವ ಅಪ್ಪನನ್ನಷ್ಟೇ ಮಗಳು ಪ್ರಾಪ್ತಿ ಬಲ್ಲಳು. ಗಾಳಿ ಸೀಳಿಕೊಂಡು ಹೋದವನನ್ನು ಅವಳು ಕಂಡಿರಲಿಲ್ಲ. ನಿಜ ಹೇಳಬೇಕೆಂದರೆ ಹುಕ್ರಪ್ಪನೂ ಕಂಡಿರಲಿಲ್ಲ. ಓಡುವವನಿಗೆ ತನ್ನ ಓಟ ಕಾಣುವುದೆಲ್ಲಿ? ಅದನ್ನು ಒಮ್ಮೆ ಹಿಡಿದಿಟ್ಟುಕೊಂಡು, ಮನಸ್ಸಾದಾಗಲೆಲ್ಲ ಮಗಳೊಡನೆ ಕುಳಿತು ನೋಡಬೇಕೆಂಬುದೇ ಅವನ ಹಂಬಲ.

ಸೌದಿಯ ದಮ್ಮಾಮಿನಿಂದ ಮರಳಿದ್ದ ನೆರೆಮನೆಯ ಅಬ್ದುಲ್ ಸಲಾಂ ಸೂಟ್‌ಕೇಸು ತುಂಬ ವಯರುಗಳನ್ನೂ ಒಂದು ರೆಕಾರ್ಡರನ್ನೂ ತಂದ. "ಎಚ್‌ಡಿಎಂಐ ವಯರು ಹಾಕುವ, ಹುಕ್ರಪ್ಪಣ್ಣ. ಸೆಟ್‌ಟಾಪ್ ಬಾಕ್ಸಿನಿಂದ ಸೀದಾ ಇದಕ್ಕೆ."

ಹಾಕಿದೊಡನೆ ಪರದೆ ಕಾವಲಿಯ ತಳದಂತೆ ಕಪ್ಪಾಯಿತು.

"ನಕಲು ಮಾಡ್ಬಾರ್ದು ಅಂತ ಬೀಗ ಹಾಕಿದ್ದಾರೆ," ಎಂದ ಸಲಾಂ, ಬೀಗ ತಾನೇ ಹಾಕಿದವನ ಗತ್ತಿನಲ್ಲಿ.

ರೇಡಿಯೊ ರಿಪೇರಿಯ ಚನಿಯಪ್ಪ ಮುಂದೆ ಬಂದ. "ಕೆಂಪು, ಬಿಳಿ, ಹಳದಿ ವಯರು ಹಾಕಿ ಮಾರಾಯ್ರೆ. ಅದಕ್ಕೆ ಬೀಗವೂ ಇಲ್ಲ, ಚಿಲಕವೂ ಇಲ್ಲ."

ಚಿತ್ರವೇನೋ ಬಂತು. ಆದರೆ ವಾರ್ತೆ ಓದುವವಳ ಮುಖ ನೀರಿಗೆ ಬಿದ್ದ ಹಪ್ಪಳದಂತಿತ್ತು.

"ಇದು ಬೇಡ. ನನ್ನ ಮೀಸೆಯ ಒಂದೊಂದು ಕೂದಲೂ ಕಾಣಬೇಕು."

"ಮೀಸೆ ನೋಡ್ಲಿಕ್ಕೆ ಎಚ್‌ಡಿ ಯಾಕೆ? ಕನ್ನಡಿ ಸಾಲದಾ?"

"ಕನ್ನಡಿಯಲ್ಲಿ ಈಗಿನವ ಕಾಣ್ತಾನೆ, ಚನಿಯಪ್ಪಣ್ಣ."

ಪೆನ್‌ಡ್ರೈವಿಗೆ ತಾನೇ ರೆಕಾರ್ಡು ಮಾಡಿಕೊಳ್ಳುವ ಡಿಶ್ ಪೆಟ್ಟಿಗೆ ಬಿ.ಸಿ.ರೋಡು ಪೇಟೆಯ ಅಂಗಡಿಯಲ್ಲಿ ಉಂಟೆಂದು ಸಲಾಂ ಮೆಲ್ಲಗೆ ಹೇಳಿದ. ಹುಕ್ರಪ್ಪ ಬಸ್ಸು ಹತ್ತಿದ. ಮರಳುವಾಗ ಪೆಟ್ಟಿಗೆಯನ್ನು ಕಾಲ ಬಳಿ ಇಟ್ಟು, ಡಿಶ್ಶನ್ನು ಮಡಿಲಲ್ಲಿ ಮಗುವಿನಂತೆ ಕೂರಿಸಿಕೊಂಡಿದ್ದ. ಮನೆ ಮುಟ್ಟಿದಾಗ ಮೂರೂವರೆ.

ತಾರಸಿಯಲ್ಲಿ ಡಿಶ್ಶಿನ ಬೋಲ್ಟು ಬಿಗಿಯಾಗಲಿಲ್ಲ. ಕೈಬಿಟ್ಟರೆ ಚಿತ್ರ ಚೌಕಚೌಕವಾಗಿ ಒಡೆಯುತ್ತಿತ್ತು. ಯಾರಾದರೂ ಹಿಡಿದು ನಿಲ್ಲಲೇಬೇಕು. ಸಲಾಮಿಗೆ ತಲೆತಿರುಗು, ಚನಿಯಪ್ಪನಿಗೆ ದಮ್ಮು.

"ಓಡುವ ಹಲಗೆಯ ಮೇಲೆ ನಿಂತವರು ನೀವು, ಇದೇನು ಮಹಾ? ರೆಕಾರ್ಡಾಗ್ತದಲ್ಲ, ಮತ್ತೆ ನಿಧಾನ ನೋಡ್ಬಹುದು," ಎಂದು ಇಬ್ಬರೂ ಕೆಳಗಿಳಿದರು.

"ಅಲ್ಲಾಡ್ಬೇಡಿ!" ಕೆಳಗಿನಿಂದ ಕೂಗು ಬಂತು. "ಬಂತು, ನೀವು ಓಡಿಸಿದ ಕೋಣಗಳು! ಹೋ...!"

ಟಿ.ವಿ.ಯೊಳಗಿನ ಜನರ ಹರ್ಷೋದ್ಗಾರ ತಾರಸಿಯವರೆಗೂ ಏರಿತು. ಹುಕ್ರಪ್ಪನ ಮೈ ಜುಮ್ಮೆಂದಿತು. ಆದರೂ ಓಟದ ಆ ಹನ್ನೆರಡು ಸೆಕೆಂಡು ಅವನು ಉಸಿರನ್ನೂ ಅಲ್ಲಾಡಿಸಲಿಲ್ಲ.

ಕೆಳಗಿಳಿದು ಬಂದಾಗ ಯಾರೂ ಅವನ ಮುಖ ನೋಡಲಿಲ್ಲ. ಪ್ರಾಪ್ತಿ ರಿಮೋಟು ಒತ್ತಿದಳು.

ಕೋಣಗಳು ಹಾರಿದವು. ಅವುಗಳ ಹಿಂದೆಯೇ ಎರಡು ಬಿಳಿಯ ಕಂಬಗಳಂತೆ ನೀರು ಎದ್ದಿತು. ಹನಿಹನಿಯೂ ಎಣಿಸುವಷ್ಟು ಸ್ಪಷ್ಟ. ಕ್ಯಾಮರಾ ನೀರಿನ ಬೆನ್ನುಹತ್ತಿ ಬಟ್ಟೆಯವರೆಗೂ ಏರಿತು. ಮತ್ತೆ ಇಳಿಯುವಷ್ಟರಲ್ಲಿ ಕೋಣಗಳ ಯಜಮಾನರ ಕೊರಳಿಗೆ ಹಾರ ಬೀಳುತ್ತಿತ್ತು.

"ಅಪ್ಪ ಎಲ್ಲಿ?" ಎಂದಳು ಪ್ರಾಪ್ತಿ.

"ಆ ನೀರಿನ ಹಿಂದೆ ಇದ್ದೇನೆ, ಮಗಾ."

"ಸ್ವಲ್ಪ ಕಡಿಮೆ ನೀರು ಎಬ್ಬಿಸಿದ್ರೆ ಕಾಣ್ತಿದ್ರಿ," ಎಂದ ಸಲಾಂ.

"ಕಡಿಮೆ ಎಬ್ಬಿಸಿದ್ರೆ ಟಿ.ವಿ.ಯಲ್ಲಿ ಯಾಕೆ ಹಾಕ್ತಾರೆ ಮಾರಾಯ್ರೆ?" ಎಂದ ಚನಿಯಪ್ಪ.

ಪ್ರಾಪ್ತಿ ಹಿಂದಕ್ಕೆ ಓಡಿಸಿ, ನೀರು ಏಳುವಲ್ಲಿ ಚಿತ್ರವನ್ನು ನಿಲ್ಲಿಸಿದಳು. ಹುಕ್ರಪ್ಪ ಕುಂಟುತ್ತ ಹತ್ತಿರ ಹೋಗಿ, ಟಿ.ವಿ.ಯ ಬದಿಗೆ ಬಗ್ಗಿ, ನೀರಿನ ಹಿಂದೆ ಇಣುಕಿದ.