ಸದ್ದಿಲ್ಲದ ಗಾಡಿ, ತಿನ್ನದ ಸಾಸೇಜು

ಡೆಲ್ಬರ್ಟ್ ಝಿಮ್ಕಾ ಕರೆಂಟಿನ ಮೋಟಾರ್‌ಸೈಕಲ್ ಕೊಂಡದ್ದು ಭೂಮಿತಾಯಿಯ ಮೇಲಿನ ಕಾಳಜಿಯಿಂದ ಎಂದು ಪೈಕ್ ಹಾಲೋ ಊರಿಗೆ ಊರೇ ನಂಬಿತ್ತು. ಪಾದ್ರಿಗಳು ಒಂದು ಭಾನುವಾರ ಅವನ ಹೆಸರೆತ್ತಿ ಹೊಗಳಿದ್ದೂ ಆಗಿತ್ತು. ನಿಜ ಹೇಳಬೇಕೆಂದರೆ ಅವನು ಅದನ್ನು ಕೊಂಡದ್ದು ಸಾಸೇಜಿಗಾಗಿ.

ಚಳಿಗಾಲದ ಕೊನೆಗೆ ಅವನ ರಕ್ತ ಪರೀಕ್ಷೆ ಮಾಡಿದ ಡಾಕ್ಟರು, ಅದರಲ್ಲಿ ರಕ್ತಕ್ಕಿಂತ ಬೆಣ್ಣೆಯೇ ಜಾಸ್ತಿ ಎಂಬಂತೆ ಮುಖ ಮಾಡಿದ್ದರು. ಅಂದಿನಿಂದ ಹೆಂಡತಿ ಮಾರ್ಲೀಸ್ ಕಾವಲಿಗೆ ನಿಂತಳು. ಮನೆಯೊಳಗೆ ಸಾಸೇಜಿಲ್ಲ, ಚೀಸಿಲ್ಲ, ಐಸ್‌ಕ್ರೀಮಿಲ್ಲ. "ನೀನೊಬ್ಬನೇ ಯಾಕೆ ಕಷ್ಟಪಡ್ಬೇಕು, ನಿನ್ನ ಜೊತೆ ನಾನೂ ಪಥ್ಯ ಮಾಡ್ತೀನಿ" ಎಂದು ಬೇರೆ ಹೇಳಿ ಅವನ ಬಾಯಿ ಕಟ್ಟಿಬಿಟ್ಟಳು.

ಹೊರಗೆ ಕದ್ದು ತಿನ್ನೋಣವೆಂದರೆ ಅವನ ಹಳೆಯ ಮೋಟಾರ್‌ಸೈಕಲ್ಲಿನ ಆರ್ಭಟ ಸರೋವರದ ಆಚೆ ದಡಕ್ಕೂ ಕೇಳುತ್ತಿತ್ತು. ಅವನು ಎಲ್ಲಿ ನಿಲ್ಲಿಸಿದರೂ ಯಾರೋ ಒಬ್ಬರು ಮಾರ್ಲೀಸಳಿಗೆ ಫೋನ್ ಮಾಡುತ್ತಿದ್ದರು. ಈ ಸೇವೆಯಲ್ಲಿ ಎದುರು ಮನೆಯ ಆರ್ಡಿಸಮ್ಮನನ್ನು ಮೀರಿಸುವವರಿರಲಿಲ್ಲ. "ಮಾರ್ಲೀಸ್, ನಿನ್ನ ಗಂಡನ ಗಾಡಿ ಸದ್ದು ಐಸ್‌ಕ್ರೀಮ್ ಅಂಗಡಿ ಹತ್ರ ನಿಂತ ಹಾಗಾಯ್ತು ಕಣೆ. ನಂಗೇನು, ಕೇಳಿಸ್ತು, ಹೇಳ್ದೆ."

ಕೊನೆಯ ಸಲ ಸಿಕ್ಕಿಬಿದ್ದಾಗ ಮಾರ್ಲೀಸ್ ಕೂಗಾಡಲಿಲ್ಲ. "ಇನ್ನೊಂದು ಸಲ ಹೀಗಾದ್ರೆ ಗಾಡಿ ಕೀ ನನ್ನ ಬ್ಯಾಗಿಗೆ ಬರುತ್ತೆ. ಕ್ರಿಸ್‌ಮಸ್‌ವರೆಗೆ ನಡ್ಕೊಂಡು ಓಡಾಡು, ಹೊಟ್ಟೆನೂ ಕರಗುತ್ತೆ" ಎಂದಳು, ಅಷ್ಟೆ. ಮೀಸೆ ಚಿಗುರಿದಂದಿನಿಂದ ಡೆಲ್ಬರ್ಟ್ ಎರಡು ಚಕ್ರದ ಮೇಲೆ ಬದುಕಿದವನು. ಪಾಪ, ಅವನಿಗೆ ಗಾಡಿ ಕಲಿಸಿದವಳೂ ಮಾರ್ಲೀಸಳೇ.

ಗಾಡಿಯೂ ಉಳಿಯಬೇಕು, ಸಾಸೇಜೂ ದಕ್ಕಬೇಕು. ಮೂರು ದಿನ ತಲೆ ಕೆಡಿಸಿಕೊಂಡವನು ನಾಲ್ಕನೆಯ ದಿನ ಹಳೆಯದನ್ನು ಮಾರಿ, ಉಸಿರೂ ಎತ್ತದ ಈ ಹೊಸ ಗಾಡಿಯನ್ನು ತಂದ. ಅಂಗಡಿಯವನು ಇಮೇಲ್ ಕೇಳಿದಾಗ, ತನಗೆ ಅಂಥದ್ದೊಂದು ಇಲ್ಲದ್ದರಿಂದ ಹೆಂಡತಿಯದನ್ನು ಬರೆಸಿದ. ಆಮೇಲೆ ಅದನ್ನು ಮರೆತ.

ಆ ಶನಿವಾರ ಹಾರ್ಡ್‌ವೇರ್ ಅಂಗಡಿಯ ಮುಂದೆ ಊರಿನ ಅಗ್ನಿಶಾಮಕ ದಳದವರ ಸಾಸೇಜ್ ಮಾರಾಟ. ಬಿಯರಿನಲ್ಲಿ ಈರುಳ್ಳಿ ಹಾಕಿ ಬೇಯಿಸಿ, ಆಮೇಲೆ ಕೆಂಡದ ಮೇಲೆ ಹೊರಳಿಸಿ ಕೊಡುವ ಸಾಸೇಜು. ಬೆಳಗಿನಿಂದ ಡೆಲ್ಬರ್ಟನ ಬಾಯಲ್ಲಿ ನೀರು.

"ಹಾಗೇ ಒಂದು ಸುತ್ತು ಹೋಗಿ ಬರ್ತೀನಿ" ಎಂದ.

"ಹೋಗು, ಗಾಳಿ ತಿಂದ್ಕೊಂಡು ಬಾ" ಎಂದಳು ಮಾರ್ಲೀಸ್. "ಗಾಳಿ ಮಾತ್ರ."

ಮನೆ ಮುಂದಿನ ರಸ್ತೆ ಬೇಡವೆಂದು ಹಿತ್ತಲಿನ ಓಣಿಗೆ ಗಾಡಿ ತಿರುಗಿಸಿದ. ಶೆಡ್ಡಿನ ಹಿಂದೆ, ಅವನದೇ ರೂಬಾರ್ಬ್ ಎಂಬ ಹುಳಿದಂಟಿನ ಗಿಡಗಳ ಮಡಿಯಲ್ಲಿ ಒಂದು ಹೂವಿನ ಸ್ಕರ್ಟು ಬಗ್ಗಿತ್ತು. ಆರ್ಡಿಸಮ್ಮ ಚಾಕು ಹಿಡಿದು ಕೆಂಪು ದಂಟುಗಳನ್ನು ಸರಸರನೆ ಕೊಯ್ದು ಏಪ್ರನ್ನಿಗೆ ತುಂಬುತ್ತಿದ್ದಳು. ವರ್ಷ ವರ್ಷ ಜಿಲ್ಲಾ ಮೇಳದಲ್ಲಿ "ನನ್ನ ಸ್ವಂತ ತೋಟದ ರೂಬಾರ್ಬ್ ಜಾಮ್" ಎಂದು ಮೊದಲ ಬಹುಮಾನದ ನೀಲಿ ರಿಬ್ಬನ್ ಗೆಲ್ಲುತ್ತಿದ್ದವಳು ಇವಳೇ.

"ಗುಡ್ ಮಾರ್ನಿಂಗ್ ಆರ್ಡಿಸ್."

ಆರ್ಡಿಸಮ್ಮ ಬಿದ್ದೇಬಿಟ್ಟಳು. ಎದ್ದವಳು ನಾಚಿಕೊಳ್ಳುವ ಬದಲು ಅವನ ಮೇಲೆಯೇ ಎಗರಿದಳು. "ಇಷ್ಟು ವರ್ಷ ನೀನು ಊರಿಗೆಲ್ಲ ಕೇಳೋ ಹಾಗೆ ಗಾಡಿ ಗುಡುಗಿಸ್ಕೊಂಡು ಬರ್ತಿದ್ದೆ. ಈಗ ದೆವ್ವದ ಹಾಗೆ ಬಂದು ನಿಲ್ತೀಯಲ್ಲ, ಮರ್ಯಾದಸ್ತರು ಮಾಡೋ ಕೆಲಸನಾ ಇದು?"

"ನನ್ನ ಹಿತ್ತಲಿಗೆ ಬರೋಕೆ ನಾನು ಹಾರ್ನ್ ಹೊಡೀಬೇಕಾ?"

ಆರ್ಡಿಸಮ್ಮ ಏಪ್ರನ್ ಮುಚ್ಚಿಕೊಂಡಳು. ದನಿ ಇಳಿಯಿತು. "ನೋಡಪ್ಪ, ನೀನು ನನ್ನ ನೋಡಿಲ್ಲ. ನಾನೂ ನಿನ್ನ ನೋಡಿಲ್ಲ. ಇನ್ಮೇಲೆ ನಿಮ್ಮನೆ ಕಡೆ ತಿರುಗಿ ಸಹ ನೋಡಲ್ಲ. ಬೈಬಲ್ ಮುಟ್ಟಿ ಹೇಳ್ತೀನಿ."

ಡೆಲ್ಬರ್ಟನಿಗೆ ಸ್ವರ್ಗಕ್ಕೆ ಮೂರೇ ಗೇಣು. ಊರಿನ ಅತಿ ಚುರುಕು ಕಿವಿ ಮುಚ್ಚಿತ್ತು.

ಪೇಟೆಯ ರಸ್ತೆ ತಪ್ಪಿಸಿ ಸರೋವರದ ದಂಡೆ ಹಿಡಿದ. ದೋಣಿ ಇಳಿಸುವ ಜಾಗದಲ್ಲಿ ಪಾದ್ರಿ ಹಾಲ್ವರ್ಸನ್ ಒಂದು ದೊಡ್ಡ ಮೀನನ್ನು ಎದೆಗವುಚಿಕೊಂಡು ತಮ್ಮ ಫೋಟೋ ತಾವೇ ತೆಗೆದುಕೊಳ್ಳುತ್ತಿದ್ದರು. ಚರ್ಚಿನಲ್ಲಿ ಅವರು ಮಾಡುವ ಪ್ರಸಂಗಗಳಲ್ಲಿ ಏಸುವಿನಷ್ಟೇ ಸಲ ಅವರು ಹಿಡಿದ ಮೀನುಗಳೂ ಬರುತ್ತಿದ್ದವು. ಡೆಲ್ಬರ್ಟ್ ಹತ್ತಿರ ಹೋಗಿ ನೋಡಿದರೆ, ಮೀನಿನ ಬಾಲಕ್ಕೆ ಅಂಗಡಿಯ ಬೆಲೆ ಚೀಟಿ ಅಂಟಿಕೊಂಡೇ ಇತ್ತು.

"ಒಳ್ಳೆ ಮೀನು ಪಾಸ್ಟರ್."

ಪಾದ್ರಿ ಬೆಚ್ಚಿಬಿದ್ದು ಕೈ ಬಿಟ್ಟರು. ಮೀನು ನೀರಿಗೆ ಬಿತ್ತು. ಸತ್ತ ಮೀನಾದರೂ ಊರು ಬಿಟ್ಟು ಹೋಗುವವರ ಆತುರದಲ್ಲಿ ತೇಲಿಕೊಂಡು ಹೊರಟಿತು. ಪಾದ್ರಿಯ ಸಂಕಟ ನೋಡಲಾರದೆ ಡೆಲ್ಬರ್ಟ್ ಬೂಟು ಸಮೇತ ಮೊಣಕಾಲುದ್ದ ನೀರಿಗಿಳಿದು ಅದನ್ನು ಹಿಡಿದು ತಂದ.

"ಇವತ್ತು ನಾನು ಮನೇಲಿ ಕೂತು ಪ್ರಸಂಗ ಬರೀತಿದ್ದೀನಿ" ಎಂದರು ಪಾದ್ರಿ, ಚೀಟಿ ಕೀಳುತ್ತಾ. "ನೀನು ನನ್ನ ನೋಡಿಲ್ಲ ಮಗನೇ. ನಾನೂ ನಿನ್ನ ನೋಡಿಲ್ಲ."

"ಆಮೆನ್" ಎಂದ ಡೆಲ್ಬರ್ಟ್.

ಬೂಟಿನಲ್ಲಿ ಪಚಪಚ ನೀರು, ಹೊಟ್ಟೆಯಲ್ಲಿ ತಾಳ. ಹಾರ್ಡ್‌ವೇರ್ ಅಂಗಡಿಯನ್ನು ಬಳಸಿ ಸಾಸೇಜ್ ಮಾರುವ ಡೇರೆಯ ಹಿಂಬದಿಗೆ ಬಂದು, ಪರದೆ ಸರಿಸಿದ. ಜನ ಖಾಲಿಯಾಗಿದ್ದರು. ದಳದ ಮುಖ್ಯಸ್ಥ ಗಾರ್ಡಿ ಪ್ಲೂಫ್ ಒಬ್ಬನೇ ಕೂತು ಕಟ್ಟಕಡೆಯ ಸಾಸೇಜನ್ನು ಬನ್ನು, ಸಾಸಿವೆ ಗೊಜ್ಜು ಸಮೇತ ಬಾಯಿಗೆ ತುರುಕಿಕೊಳ್ಳುತ್ತಿದ್ದ.

"ಇನ್ನೂ ಇದೆಯಾ ಗಾರ್ಡಿ?"

ಗಾರ್ಡಿ ಹೌಹಾರಿದ. ಸಾಸೇಜು ಗಂಟಲಿಗೆ ಸಿಕ್ಕಿಕೊಂಡಿತು. ಮುಖ ಅವನ ಅಗ್ನಿಶಾಮಕ ಬಂಡಿಯ ಕೆಂಪಿಗೆ ತಿರುಗಿತು. ಡೆಲ್ಬರ್ಟ್ ಹಿಂದಿನಿಂದ ಅವನನ್ನು ತಬ್ಬಿ ಹೊಟ್ಟೆ ಒತ್ತಿದ, ಬೆನ್ನು ಗುದ್ದಿದ, ಮತ್ತೆ ಮುಂದೆ ಬಂದು ಮುಖ ನೋಡಿದ. ಆಗ ಗಾರ್ಡಿ ಕೆಮ್ಮಿದ. ಸಾಸೇಜಿನ ತುಂಡು ಹುಲ್ಲಿಗೂ, ಸಾಸಿವೆಯೆಲ್ಲ ಡೆಲ್ಬರ್ಟನ ಅಂಗಿಗೂ ಬಂತು. ಅವನಿಗೆ ನೀರು ಕುಡಿಸಿ, ಗಾಳಿ ಬೀಸಿ, ಬಣ್ಣ ಇಳಿಯುವವರೆಗೆ ಪಕ್ಕದಲ್ಲೇ ಕೂರಬೇಕಾಯಿತು.

"ಸೋಮವಾರ ಶಾಲೇಲಿ ನಂದೇ ಪಾಠ ಇದೆ ಕಣೋ" ಎಂದ ಗಾರ್ಡಿ, ಕಣ್ಣೊರೆಸಿಕೊಂಡು. "ಗಂಟಲಿಗೆ ಸಿಕ್ಕಿಕೊಂಡಾಗ ಏನು ಮಾಡ್ಬೇಕು ಅಂತ. ದಮ್ಮಯ್ಯ, ನೀನು ಇಲ್ಲಿಗೆ ಬಂದೇ ಇಲ್ಲ. ನನ್ನ ನೋಡೇ ಇಲ್ಲ."

"ಸರಿ. ಒಂದೇ ಒಂದು ಸಾಸೇಜು..."

"ಖಾಲಿ. ಈರುಳ್ಳಿ ಇದೆ, ಕೊಡ್ಲಾ?"

ಇಂಗು ತಿಂದ ಮಂಗನಂತೆ ಡೆಲ್ಬರ್ಟ್ ಮನೆಗೆ ಬಂದ. ಮಾರ್ಲೀಸ್ ಊಟದ ಮೇಜಿನಲ್ಲಿ ಕೂತು ಫೋನ್ ನೋಡುತ್ತಿದ್ದಳು.

"ಎಲ್ಲಿಗೆ ಹೋಗಿದ್ದೆ?"

"ಹೀಗೇ, ಗಾಳಿಗೆ."

ಅವಳು ಫೋನನ್ನು ಅವನ ಕಡೆ ತಿರುಗಿಸಿದಳು. ಪರದೆಯ ಮೇಲೆ ಊರಿನ ನಕಾಶೆ, ಅದರ ಮೇಲೆ ಒಂದು ನೀಲಿ ಗೆರೆ. "ನಿನ್ನ ಗಾಡಿ ಬಾಯಿ ಬಿಡಲ್ಲ ಅಂದ್ಕೊಂಡಿದ್ಯಾ? ಅಂಗಡೀಲಿ ನನ್ನ ಇಮೇಲ್ ಬರೆಸಿದ್ಯಲ್ಲ, ಅದು ನಿಂತಲ್ಲಿ, ಕೂತಲ್ಲಿ ನಂಗೆ ಹೇಳುತ್ತೆ. ಸಾಸೇಜ್ ಡೇರೆ ಹಿಂದೆ ಅರ್ಧ ಗಂಟೆ ನಿಂತಿತ್ತಂತೆ. ಎಷ್ಟು ತಿಂದೆ?"

"ಒಂದೂ ತಿಂದಿಲ್ಲ ಮಾರಾಯ್ತಿ."

"ಅಂಗಿ ಮೇಲೆ ಸಾಸಿವೆ?"

"ಗಾರ್ಡಿ ಬಾಯಿಂದ ಬಂದಿದ್ದು. ಬೇಕಾದ್ರೆ ಅವನನ್ನೇ ಕೇಳು."

ಅವಳು ಕೇಳಿದಳು, ಫೋನಿನ ದನಿ ಜೋರು ಮಾಡಿ. "ಡೆಲ್ಬರ್ಟಾ?" ಎಂದ ಗಾರ್ಡಿ. "ಇವತ್ತು ಈ ಕಡೆ ಬಂದೇ ಇಲ್ಲವಲ್ಲ."

"ಗಾಡಿ ಬಂದಿದೆ ಅನ್ನುತ್ತೆ, ನಿನ್ನ ಸ್ನೇಹಿತ ಬಂದಿಲ್ಲ ಅಂತಾನೆ" ಎಂದಳು ಮಾರ್ಲೀಸ್. "ಎಂಥ ಸ್ನೇಹ. ಬೂಟು ಯಾಕೆ ಒದ್ದೆ?"

"ಪಾಸ್ಟರ್‌ಗೆ ಸಹಾಯ ಮಾಡೋಕೆ ಹೋಗಿ. ಅವರಂತೂ ಸುಳ್ಳು ಹೇಳಲ್ಲ."

ಅವರಿಗೂ ಫೋನ್ ಹೋಯಿತು. ಪಾದ್ರಿಗಳು ಬೆಳಗಿನಿಂದ ಮನೆ ಬಿಟ್ಟು ಕದಲಿಲ್ಲವಂತೆ, ಡೆಲ್ಬರ್ಟನನ್ನು ಕಂಡು ಒಂದು ವಾರವಾಯಿತಂತೆ. ಅವನಿಗಾಗಿ ಪ್ರಾರ್ಥಿಸುತ್ತೇನೆಂದರು.

ಮಾರ್ಲೀಸ್ ಕೈ ಚಾಚಿದಳು. ತಿಂದಿದ್ದರೆ ಅಷ್ಟು ದುಃಖವಾಗುತ್ತಿರಲಿಲ್ಲ. ತಿನ್ನದ ಸಾಸೇಜಿಗೆ ಶಿಕ್ಷೆಯಾದದ್ದಕ್ಕೆ ಅವನ ಕಣ್ಣು ನಿಜವಾಗಿಯೂ ಹನಿಗೂಡಿತು. ಕೀಯನ್ನು ಅವಳ ಅಂಗೈಯಲ್ಲಿಟ್ಟ.

"ಎಲೆಕೋಸಿನ ಸೂಪಿದೆ, ಬಿಸಿ ಮಾಡ್ಕೊ. ಆರ್ಡಿಸ್‌ಗೆ ಅವಳ ಪಾತ್ರೆ ಕೊಟ್ಟು ಬರ್ತೀನಿ" ಎಂದು ಅವಳು ಹೊರಗೆ ಹೋದಳು.

ಸೂಪು ಕುದಿಯಿತು. ಮಾರ್ಲೀಸ್ ಬರಲಿಲ್ಲ. ಅವಳ ಫೋನು ಮೇಜಿನ ಮೇಲೆಯೇ ಇತ್ತು. ಡೆಲ್ಬರ್ಟ್ ಸುಮ್ಮನೆ ಕಣ್ಣು ಹಾಯಿಸಿದ. ನಕಾಶೆಯ ಮೇಲೆ ಗಾಡಿಯ ಜಾಗ ತೋರಿಸುವ ನೀಲಿ ಚುಕ್ಕೆ ಅವರ ಮನೆಯ ಹತ್ತಿರ ಇರಲಿಲ್ಲ. ಅದು ಓಣಿ ದಾಟಿ, ಸೇತುವೆ ದಾಟಿ, ಐಸ್‌ಕ್ರೀಮ್ ಅಂಗಡಿಯ ಮುಂದೆ ಹೋಗಿ ನಿಂತಿತು. ಕಿಟಕಿಯಿಂದ ಬಗ್ಗಿ ನೋಡಿದರೆ ಅಂಗಳದಲ್ಲಿ ಗಾಡಿ ಇಲ್ಲ.

ಅವನು ಓಡಿಹೋಗಿ ಮನೆಯ ಫೋನಿನಿಂದ ಆರ್ಡಿಸಮ್ಮನಿಗೆ ಕರೆ ಮಾಡಿದ. "ಆರ್ಡಿಸ್, ಈಗ ಮಾರ್ಲೀಸ್ ಗಾಡಿ ತಗೊಂಡು ಹೋಗಿದ್ದು ನೋಡಿದ್ಯಲ್ಲ?"

"ಇಲ್ಲಪ್ಪ, ಏನೂ ಕೇಳಿಸಲಿಲ್ಲ" ಎಂದಳು ಆರ್ಡಿಸಮ್ಮ. "ನಿಮ್ಮನೆ ಕಡೆ ನೋಡಲ್ಲ ಅಂತ ನಿಂಗೇ ಮಾತು ಕೊಟ್ಟಿದ್ದೀನಲ್ಲ."

ಡೆಲ್ಬರ್ಟ್ ಫೋನಿಟ್ಟು ಬಂದು ಎಲೆಕೋಸಿನ ಸೂಪು ಬಡಿಸಿಕೊಂಡ. ಚುಕ್ಕೆ ಇನ್ನೂ ಅಲ್ಲೇ ನಿಂತಿತ್ತು.